ಕರಕರ ಮಾತ್ರ ಕೇಳಿಸುತ್ತಿದ್ದ ರೇಡಿಯೋ

ಮೊಮ್ಮಗಳು ಮೂಡುಬಿದಿರೆಯಲ್ಲಿ ಓದುವುದು. ಮೊನ್ನೆ ರಜೆಯಲ್ಲಿ ಬಂದವಳು ಕೈಕಾಲು ತೊಳೆಯದೆ, ಚಾ ಕುಡಿಯದೆ, ತನ್ನ ಲ್ಯಾಪ್‌ಟಾಪು ತಂದು ನನ್ನ ಮಡಿಲಲ್ಲಿ ಇಟ್ಟಳು.

"ಅಜ್ಜಿ, ನೋಡಿ. ನಾನು ರೇಡಿಯೋ ಮಾಡಿದ್ದೇನೆ."

ನೋಡಿದರೆ ಬರೀ ಗೆರೆಗಳು. "ಇದರಲ್ಲಿ ರೇಡಿಯೋ ಎಲ್ಲಿ ಉಂಟು ಮಾರಾಯ್ತಿ?" ಅಂದೆ.

"ನಿಜವಾದ್ದು ಅಲ್ಲ ಅಜ್ಜಿ. ಸಾಮಾನು ಜೋಡಿಸುವ ಮೊದಲು ಹೀಗೆ ಕಂಪ್ಯೂಟರಿನಲ್ಲೇ ಓಡಿಸಿ ನೋಡುವುದು. ಸಿಮ್ಯುಲೇಶನ್ ಅಂತ ಹೇಳ್ತಾರೆ. ತಪ್ಪಿದ್ದರೆ ಇಲ್ಲೇ ಗೊತ್ತಾಗ್ತದೆ. ಏನೂ ಹಾಳಾಗುವುದಿಲ್ಲ."

ನಾನು ಕನ್ನಡಕ ಸರಿ ಮಾಡಿಕೊಂಡೆ. ಗೆರೆಗಳ ನಡುವೆ ಒಂದು ಬಾಣ, ಅದರ ಮೂತಿಗೆ ಒಂದು ಅಡ್ಡ ಗೀಟು. "ಇದು ಡಯೋಡು," ಅಂದೆ. "ಇದು ಒಂದೇ ಕಡೆಗೆ ಬಿಡುವುದು. ಹಿಂದೆ ಬರ್ಲಿಕ್ಕೆ ಬಿಡುವುದಿಲ್ಲ. ಈ ಸುರುಳಿ ಕಾಯಿಲು. ಇದು ಮೂರು ಕಾಲಿನವನು. ಇದು ಅರ್ತು, ನೆಲಕ್ಕೆ ಹೋಗುವುದು."

ಹುಡುಗಿ ಬಾಯಿ ತೆರೆದು ನನ್ನನ್ನೇ ನೋಡಿದಳು. ನಾನು ಬೆಳ್ತಂಗಡಿ ಬದಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಹೋದವಳು, ಅಷ್ಟೇ. ಅವಳ ಮುಖ ನೋಡಿ ನನಗೆ ನಗು ಬಂತು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಸೆರಗಿನಲ್ಲಿ ಒರೆಸಿದರೂ ನಿಲ್ಲಲಿಲ್ಲ. "ಹೇಳಿ ಅಜ್ಜಿ," ಅಂದಳು. ಹೇಳಿದೆ. ಹೇಳಿದ ಮೇಲೂ ಹೊಟ್ಟೆ ಖಾಲಿ ಆಗಲಿಲ್ಲ, ಅದಕ್ಕೆ ಈಗ ಕೈಗೆ ಬಂದ ಹಾಗೆ ಬರೆಯುತ್ತಾ ಇದ್ದೇನೆ. ತಪ್ಪಿದ್ದರೆ ಅವಳು ತಿದ್ದಲಿ.

ನನ್ನನ್ನು ಕೊಟ್ಟದ್ದು ನರಿಕೊಂಬಿಗೆ, ನೇತ್ರಾವತಿಯ ದಡದ ಮನೆಗೆ. ಆ ಮನೆಯವರದ್ದು ಕಡವು. ಕಡವು ಅಂದರೆ ದೋಣಿಯಲ್ಲಿ ಜನರನ್ನು ಈಚೆಯಿಂದ ಆಚೆಗೆ ದಾಟಿಸುವ ಜಾಗ. ಆಚೆ ಬಂಟ್ವಾಳದ ಬದಿ. ಪೇಟೆಗೆ ಹೋಗುವವರು, ಬೀಡಿ ಕೊಡ್ಲಿಕ್ಕೆ ಹೋಗುವ ಹೆಂಗಸರು, ಶಾಲೆಯ ಮಕ್ಕಳು ಎಲ್ಲ ನಮ್ಮ ದೋಣಿಯಲ್ಲೇ. ನಾನು ಮದುವೆಯಾಗಿ ಬಂದಾಗ ದೋಣಿ ನಡೆಸುತ್ತಿದ್ದದ್ದು ನನ್ನ ಗಂಡನ ಅಣ್ಣ, ಭಾವ. ನನ್ನ ಯಜಮಾನರು, ಅವರನ್ನು ನಾನು ಇವರು ಅಂತಲೇ ಹೇಳುವುದು, ಆಗ ಮೂಡುಬಿದಿರೆಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಇದ್ದರು. ಗುಡಿಸುವುದು, ಧೂಳು ಹೊಡೆಯುವುದು, ಆಮೇಲೆ ಆಮೇಲೆ ಬೆಸುಗೆ ಹಾಕುವುದು. ವಾರಕ್ಕೊಮ್ಮೆ ಮನೆಗೆ ಬರುವಾಗ ಅವರ ಅಂಗಿಯಲ್ಲಿ ಸುಟ್ಟ ಗುಗ್ಗುಳದ ಹಾಗಿನ ವಾಸನೆ ಇರುತ್ತಿತ್ತು. ನನಗೆ ಆ ವಾಸನೆ ಇಷ್ಟವಾಗುತ್ತಿತ್ತು.

ಮದುವೆಯಾದ ವರ್ಷವೇ, ನವರಾತ್ರಿ ಕಳೆದ ಮೇಲೆ, ಒಂದು ಮಧ್ಯಾಹ್ನ ಭಾವ ಖಾಲಿ ದೋಣಿ ತೆಗೆದುಕೊಂಡು ಆಚೆಯಿಂದ ಈಚೆಗೆ ಹೊರಟರು. ಮೇಲೆ ಆಕಾಶದಲ್ಲಿ ಒಂದು ತುಂಡು ಮೋಡ ಇರಲಿಲ್ಲ. ಬಟ್ಟೆ ಒಣಗಿಸಿದ್ದೆ, ನೆನಪುಂಟು. ಮಳೆಗಾಲದ ನೀರನ್ನು ನಂಬಬಹುದು, ಅದು ಹೇಳಿ ಬರುತ್ತದೆ, ಜನ ದೋಣಿ ಮೇಲೆ ಎಳೆದು ಇಡುತ್ತಾರೆ. ಈ ನವರಾತ್ರಿ ಕಳೆದ ಮೇಲಿನ ನೀರು ಹಾಗಲ್ಲ. ಬೆಳ್ತಂಗಡಿಯ ಆಚೆ ಘಟ್ಟದಲ್ಲಿ ಗುಡುಗಿ ಹೊಡೆದ ಮಳೆ ನಮಗೆ ಕಾಣುವುದಿಲ್ಲ, ಕೇಳುವುದಿಲ್ಲ. ಸಂಜೆಗೆ ಹೊಳೆ ಕೆಂಪಾಗಿ, ಮರದ ದಿಮ್ಮಿ ಹೊತ್ತುಕೊಂಡು, ಒಂದೇ ಸಲಕ್ಕೆ ಬರುತ್ತದೆ. ಭಾವ ಸಿಕ್ಕಲಿಲ್ಲ. ದೋಣಿ ಸಿಕ್ಕಿತು.

ಇವರು ಮೂಡುಬಿದಿರೆ ಬಿಟ್ಟು ಬಂದು ಅದೇ ದೋಣಿಯ ಹುಟ್ಟು ಹಿಡಿದರು. ಬೇರೆ ಯಾರೂ ಇರಲಿಲ್ಲ. ಅತ್ತೆ ಅಂದಿನಿಂದ ಮಧ್ಯಾಹ್ನ ಮಲಗುವುದನ್ನು ಬಿಟ್ಟರು. ಜಗಲಿಯಲ್ಲಿ ಹೊಳೆ ಕಾಣುವ ಹಾಗೆ ಕೂತು, ಮಡಿಲಲ್ಲಿ ಬೀಡಿ ಎಲೆಯ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು, ಒಂದೂ ಬೀಡಿ ಕಟ್ಟದೆ ನೋಡುತ್ತಾ ಇರುತ್ತಿದ್ದರು. ಮುಂದಿನ ವರ್ಷ ನಾನು ಬಸುರಿಯಾದೆ. ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಆ ಮನೆಯಲ್ಲಿ ಮೂರು ಜನರೂ ಒಂದೇ ವಿಷಯ ಯೋಚಿಸುತ್ತಿದ್ದೆವು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನವರಾತ್ರಿ ಬರುತ್ತದೆ. ಇವರು ಹೊಳೆಯಲ್ಲಿ ಇರುತ್ತಾರೆ.

ಒಂದು ದಿನ ಊಟಕ್ಕೆ ಕೂತಾಗ ಇವರು ಅಂದರು, "ರೇಡಿಯೋದಲ್ಲಿ ಹೇಳ್ತಾರೆ. ಘಟ್ಟದಲ್ಲಿ ಮಳೆ ಉಂಟಾ ಇಲ್ಲವಾ ಅಂತ. ಧಾರವಾಡದಿಂದ ವಾರ್ತೆ ಬರ್ತದೆ. ನಾನೇ ಒಂದು ರೇಡಿಯೋ ಮಾಡ್ತೇನೆ."

ಅತ್ತೆ ಅನ್ನ ಬಡಿಸುವುದನ್ನು ನಿಲ್ಲಿಸಿ ಹೇಳಿದರು, "ಮಾಡು. ಅದು ಹೇಳುವಷ್ಟರಲ್ಲಿ ನೀನು ಸಮುದ್ರ ಮುಟ್ಟಿರ್ತಿ."

ಇವರು ಮೂಡುಬಿದಿರೆಗೆ ಹೋಗಿ ಹಳೆಯ ಧಣಿಯ ಅಂಗಡಿಯಿಂದ ಹಾಳಾದ ಸೆಟ್ಟುಗಳ ಒಳಗಿನದ್ದು ಕೆಲವು ಬೇಡಿ ತಂದರು. ಎನಾಮೆಲ್ ತಂತಿಯ ಒಂದು ಉಂಡೆ, ಒಂದು ಗ್ಯಾಂಗು, ಅಂದರೆ ತಿರುಗಿಸಿ ಸ್ಟೇಷನ್ ಹುಡುಕುವ ತಗಡಿನ ಎಲೆಗಳು, ಒಂದು ಡಯೋಡು, ಮೂರು ಕಾಲಿನ ಒಂದು ಟ್ರಾನ್ಸಿಸ್ಟರು, ಕಿವಿಗೆ ಇಟ್ಟುಕೊಳ್ಳುವ ಕಪ್ಪು ಬಟ್ಟಲುಗಳು. ಅಷ್ಟೇ. ತಂತಿಯನ್ನು ಒಮ್ಮೆ ಕತ್ತರಿಸಿದರೆ ಮತ್ತೆ ಉದ್ದ ಆಗುವುದಿಲ್ಲ. ಬೆಸುಗೆಯಲ್ಲಿ ಟ್ರಾನ್ಸಿಸ್ಟರು ಸುಟ್ಟರೆ ಇನ್ನೊಂದು ಇಲ್ಲ. "ತಪ್ಪು ಮಾಡ್ಲಿಕ್ಕೆ ನಮಗೆ ಒಂದು ಸಲವೂ ಇಲ್ಲ," ಅಂದರು. ಅದಕ್ಕೇ ಅವರು ರೇಡಿಯೋವನ್ನು ಮೊದಲು ಅಂಗಳದಲ್ಲಿ ಮಾಡಿದ್ದು.

ನಾನು ಸೆಗಣಿ ಸಾರಿಸಿದ ಅಂಗಳದಲ್ಲಿ ಅವರು ರಂಗೋಲಿ ಪುಡಿಯಿಂದ ಗೆರೆ ಎಳೆದರು. ಕಾಯಿಲಿಗೆ ಹಗ್ಗದ ಸಿಂಬೆ. ಗ್ಯಾಂಗಿಗೆ ಎರಡು ಹಲಸಿನ ಎಲೆ, ಒಂದಕ್ಕೊಂದು ಮುಟ್ಟದ ಹಾಗೆ. ಡಯೋಡಿಗೆ ಒಂದು ಗುಲಗಂಜಿ, ಕೆಂಪು ಬದಿಯಿಂದ ಬಂದದ್ದು ಕಪ್ಪು ಬದಿಯಿಂದ ಹೋಗಬೇಕು, ಹಿಂದೆ ಬರುವ ಹಾಗಿಲ್ಲ. ಟ್ರಾನ್ಸಿಸ್ಟರಿಗೆ ಎಳೆ ಅಡಿಕೆಗೆ ಮೂರು ಹಿಡಿಕಡ್ಡಿ ಚುಚ್ಚಿ ಇಟ್ಟರು. ಓಡುವ ಕರೆಂಟಿಗೆ ನಾನು ಅಟ್ಟದಿಂದ ಚೆನ್ನೆಮಣೆ ಆಟದ ಕಾಯಿಗಳನ್ನು ತಂದೆ. ಬಸುರಿ ಹೊಟ್ಟೆ ಹಿಡಿದುಕೊಂಡು ಗೆರೆಯ ಮೇಲೆ ಒಂದೊಂದೇ ಕಾಯಿ ಸರಿಸುವುದು ನನ್ನ ಕೆಲಸ.

"ಈಗ ನೀನು ಅಲೆ. ಎಲ್ಲಿಂದ ಬಂದಿ?"

"ಆಕಾಶದಿಂದ. ಏರಿಯಲ್ ಹಿಡಿದು ಇಳಿದೆ."

"ಕಾಯಿಲಿಗೆ ಬಂದಿ. ನಿನ್ನ ಹಿಂದೆ ಬೇರೆ ಬೇರೆ ಸ್ಟೇಷನಿನವರೂ ಬಂದಿದ್ದಾರೆ. ಅವರು?"

"ಅವರು ಅರ್ತಿಗೆ ಇಳಿದು ಹೋಗಲಿ. ನನ್ನನ್ನು ಮಾತ್ರ ಎಲೆಗಳು ಹಿಡಿದುಕೊಂಡಿವೆ."

"ಗುಲಗಂಜಿ?"

"ಅರ್ಧ ನನ್ನನ್ನು ಬಿಡ್ತದೆ, ಅರ್ಧ ಬಿಡುವುದಿಲ್ಲ."

"ಮೂರು ಕಾಲಿನವನು?"

"ನಾನು ನಡುವಿನ ಕಾಲನ್ನು ಮೆಲ್ಲ ಮುಟ್ಟಿದರೆ ಸಾಕು, ಸೆಲ್ಲಿನಿಂದ ಬರುವ ದೊಡ್ಡ ನೀರಿನ ಬಾಗಿಲು ತೆಗಿತಾನೆ."

ಒಮ್ಮೊಮ್ಮೆ ನನ್ನ ಕಾಯಿ ಎಲ್ಲೋ ಸಿಕ್ಕಿಬೀಳುತ್ತಿತ್ತು, ಮುಂದೆ ಹೋಗಲಿಕ್ಕೆ ದಾರಿಯೇ ಇರುತ್ತಿರಲಿಲ್ಲ. ಆಗ ಇವರು ತಲೆಗೆ ಕೈ ಹೊತ್ತು ಕೂತು, ಕಾಲಿನಿಂದ ಗೆರೆ ಅಳಿಸಿ, ಮತ್ತೆ ಎಳೆಯುವರು. ಕೋಳಿಗಳು ಬಂದು ಗುಲಗಂಜಿ ಕುಕ್ಕುತ್ತಿದ್ದವು. ಅತ್ತೆಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಚೆನ್ನೆಮಣೆಯ ಕಾಯಿಗೆ. ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಯ ಆಷಾಢದಲ್ಲಿ, ಬಿಟ್ಟರೆ ಚೆನ್ನೆ ಆಡಬಾರದು, ಆಟಿ ಮುಗಿದ ಮೇಲೆ ಕಾಯಿ ಅಟ್ಟ ಹತ್ತಬೇಕು, ನಮ್ಮಲ್ಲಿ ಹಾಗೆ.

"ಆಟಿ ಕಳೆದ ಮೇಲೆ ಅದನ್ನು ಕೆಳಗೆ ಇಳಿಸಿದ್ದಿ. ಈ ಮನೆಗೆ ಆದದ್ದು ಸಾಲದಾ ನಿನಗೆ?" ಅಂತ ನನ್ನನ್ನು ಕೇಳಿದರು.

"ಅದು ಆಟ ಅಲ್ಲ ಅಮ್ಮ," ಅಂದರು ಇವರು.

"ನೋಡುವವರಿಗೆ ಆಟವೇ."

ನನಗೆ ಆ ಮಾತು ಎದೆಗೆ ನಾಟಿತು. ಆದರೂ ಕಾಯಿ ಅಟ್ಟಕ್ಕೆ ಹಾಕಲಿಲ್ಲ.

ಕೊನೆಗೆ ಅಂಗಳದಲ್ಲಿ ಎಲ್ಲ ಕಾಯಿಗಳೂ ಆಕಾಶದಿಂದ ಕಿವಿಯವರೆಗೆ ತಡೆ ಇಲ್ಲದೆ ಓಡಿದ ದಿನ, ಇವರು ಹಲಗೆಯ ಮೇಲೆ ಮೊಳೆ ಹೊಡೆದು, ಬಿದಿರಿನ ಅಂಡೆಗೆ ತಂತಿ ಸುತ್ತಿ, ನಿಜವಾದದ್ದನ್ನು ಕಟ್ಟಿದರು. ಏರಿಯಲ್ಲಿಗೆ ಮಾಡಿನ ಪಕ್ಕ ಒಂದು ಉದ್ದದ ಬಿದಿರು ನೆಟ್ಟು, ಅಲ್ಲಿಂದ ತೆಂಗಿನ ಮರಕ್ಕೆ ತಂತಿ ಎಳೆದರು. ಅರ್ತಿನ ತಂತಿ ಒದ್ದೆ ನೆಲದಲ್ಲಿ ಇರಬೇಕು. ಮನೆಯಲ್ಲಿ ದಿನಾ ನೀರು ಬೀಳುವ ಜಾಗ ಯಾವುದು? ತುಳಸಿಕಟ್ಟೆ. ಶುದ್ಧದ ಜಾಗ ಬೇರೆ. ಕೈಮುಗಿದು ತುಳಸಿಯ ಬುಡದಲ್ಲಿ ತಂತಿ ಹೂತರು.

ಸೆಲ್ ಹಾಕಿ, ಕಿವಿಗೆ ಬಟ್ಟಲು ಇಟ್ಟರೆ ಏನೂ ಇಲ್ಲ. ಉಸಿರು ಕೂಡ ಇಲ್ಲ. ಕಲ್ಲಿಗೆ ಕಿವಿ ಕೊಟ್ಟ ಹಾಗೆ.

ಆ ದಿನಗಳನ್ನು ಹೇಗೆ ಹೇಳುವುದು? ನವರಾತ್ರಿ ಹತ್ತಿರ ಬಂತು. ಇವರು ಬೆಳಿಗ್ಗೆ ಒಂದು ಸುತ್ತು ದೋಣಿ ದಾಟಿಸಿ ಬಂದು ಹಲಗೆ ಬಿಚ್ಚುವುದು, ಮತ್ತೆ ಅಂಗಳದಲ್ಲಿ ಗೆರೆ ಎಳೆಯುವುದು, ಕಾಯಿ ಓಡಿಸುವುದು. ಕಾಯಿ ಓಡುತ್ತದೆ. ಹಲಗೆ ಮಾತಾಡುವುದಿಲ್ಲ. ಊಟಕ್ಕೆ ಕರೆದರೆ ಬರುವುದಿಲ್ಲ. ಗಡ್ಡ ಬೆಳೆಯಿತು. ದೋಣಿಯಲ್ಲಿ ಕೂತವರು, "ಏನು ಅಂಬಿಗರೇ, ಧಾರವಾಡದವರು ಏನು ಹೇಳ್ತಾರೆ, ಇವತ್ತು ಮೀನು ಸಿಕ್ತದಂತಾ?" ಅಂತ ಕೇಳುತ್ತಿದ್ದರು. ಒಂದು ದಿನ ಇವರು ನನ್ನ ಹತ್ತಿರ ಬಂದು ಮೆಲ್ಲ ಹೇಳಿದರು, "ಅಣ್ಣನಿಗೂ ಹೀಗೆ ಯಾರೂ ಹೇಳಲಿಲ್ಲ, ನನಗೂ ಹೇಳುವುದಿಲ್ಲ. ಮಗು ಹುಟ್ಟಿದ ಮೇಲೆ ನೀನು ತವರಲ್ಲೇ ಇರು." ಇಡೀ ದಿನ ನನಗೆ ಕೈಯಲ್ಲಿ ಕೆಲಸ ಹಿಡಿಯಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ತುಳಸಿಗೆ ನೀರು ಹಾಕಲು ಹೋಗಿ ಆ ತಂತಿಗೆ ಎಡವಿದರು. ಅಷ್ಟು ದಿನದ ಸಿಟ್ಟೆಲ್ಲ ಒಟ್ಟು ಸೇರಿ, ತಂತಿಯನ್ನು ಕಿತ್ತು ಬಚ್ಚಲ ಹಿಂದೆ, ಸ್ನಾನದ ನೀರು ಹೋಗುವ ಕೆಸರಿಗೆ, ಕೆಸುವಿನ ಗಿಡಗಳ ನಡುವೆ ಎಸೆದರು. ಜಗಲಿಯಲ್ಲಿ ಇವರು ಬಟ್ಟಲು ಕಿವಿಗಿಟ್ಟುಕೊಂಡೇ ಕೂತಿದ್ದರು. ಅಲ್ಲಿಂದಲೇ ಕೂಗಿದರು, "ಯಾರು ಏನು ಮಾಡಿದ್ದು?"

"ನಾನೇ ಮಾಡಿದ್ದು," ಅಂದರು ಅತ್ತೆ. "ಏನು ಮಾಡ್ತಿ ಈಗ?"

"ಮಾತಾಡ್ತಾ ಉಂಟು."

ನಮ್ಮ ತುಳಸಿಕಟ್ಟೆ ಒಣ ಮುರಕಲ್ಲಿನ ಮೇಲೆ, ಸುತ್ತಲೂ ಗಾರೆ ಬಳಿದು ಕಟ್ಟಿದ್ದು. ಹಾಕಿದ ನೀರು ಆ ಗುಂಡಿ ಬಿಟ್ಟು ಕೆಳಗೆ ಇಳಿಯುತ್ತಲೇ ಇರಲಿಲ್ಲ. ನಮಗೆ ಅದು ಹೊಳೆಯಲಿಲ್ಲ, ದೇವರ ಜಾಗ ಅಂತ ಕೈಮುಗಿದು ಸುಮ್ಮನೆ ಕೂತಿದ್ದೆವು. ಬಚ್ಚಲ ಕೆಸರು ನೇರ ಭೂಮಿಗೆ ಸೇರಿದ್ದು.

ನಾನೂ ಓಡಿ ಹೋಗಿ ಕಿವಿ ಕೊಟ್ಟೆ. ಮಾತಲ್ಲ ಅದು. ಕರ್‌ಕರ್. ಬಾಣಲೆಯಲ್ಲಿ ಹಪ್ಪಳ ಕರಿದ ಹಾಗೆ. ಇವರು ಗ್ಯಾಂಗು ತಿರುಗಿಸಿದರು, ಈ ತುದಿಯಿಂದ ಆ ತುದಿಗೆ. ಎಲ್ಲೆಲ್ಲೂ ಕರಕರವೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೊಮ್ಮೆ ಯಾರೋ ಬಹಳ ದೂರದಲ್ಲಿ ಗೋಡೆಯ ಆಚೆ ಮಾತಾಡಿದ ಹಾಗೆ ಕೇಳಿ, ಅದೂ ಮುಳುಗಿ ಹೋಗುತ್ತಿತ್ತು. ಧಾರವಾಡ ಎಲ್ಲಿ, ನರಿಕೊಂಬು ಎಲ್ಲಿ. ಇವರು ಇನ್ನೊಮ್ಮೆ ಮೂಡುಬಿದಿರೆಗೆ ಹೋಗಿ ಕೇಳಿ ಬಂದರು. ಅಷ್ಟು ದೂರದ ಸ್ಟೇಷನಿಗೆ ಒಬ್ಬ ಮೂರು ಕಾಲಿನವನು ಸಾಲದು, ಐದಾರು ಬೇಕು ಅಂತ ಧಣಿ ಹೇಳಿದರಂತೆ. ಬಂದವರು ಹಲಗೆಯನ್ನು ಜಗಲಿಯ ಮೂಲೆಗೆ ಇಟ್ಟು, ಮುಖ ಗೋಡೆಗೆ ತಿರುಗಿಸಿ ಮಲಗಿದರು. ಮೂಲೆಯಲ್ಲಿದ್ದ ಬಟ್ಟಲು ಅಲ್ಲೇ ಕರಕರ ಅನ್ನುತ್ತಾ ಇತ್ತು. ಸೆಲ್ ತೆಗೆಯಲಿಕ್ಕೂ ಅವರಿಗೆ ಮನಸ್ಸಿರಲಿಲ್ಲ. ನಾನೇ ತೆಗೆದೆ.

ನವರಾತ್ರಿಗೆ ನನ್ನ ತವರಲ್ಲಿ ಹೊಸ ಅಕ್ಕಿ ಊಟ. ನನ್ನ ತವರು ಮಡಂತ್ಯಾರು ದಾಟಿ ಬೆಳ್ತಂಗಡಿಯ ಮೇಲೆ, ಗುಡ್ಡದ ತುದಿಯಲ್ಲಿ. ಅಲ್ಲಿಂದ ಘಟ್ಟ ಎದುರಿಗೇ ಕಾಣುತ್ತದೆ. ನಾನು ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡೆ.

"ಅದು ಯಾಕೆ?" ಅಂದರು ಇವರು.

"ಎತ್ತರದ ಜಾಗ ಅಲ್ವಾ. ಅಲ್ಲಿ ಧಾರವಾಡ ಸಿಕ್ಕಿದರೆ?"

ಬಸ್ಸಿನಲ್ಲಿ ಅವರು ಹಲಗೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು ಅಷ್ಟೆ.

ಊಟ ಆಗಿ, ಗಂಡಸರು ಎಲೆ ಅಡಿಕೆ ಹಾಕಿಕೊಂಡು ಕೂತಾಗ ನಾನು ಅಂಗಳದ ಕೊನೆಯಲ್ಲಿ ಮಾವಿನ ಮರಕ್ಕೆ ತಂತಿ ಸಿಕ್ಕಿಸಿ, ಇನ್ನೊಂದನ್ನು ಹಟ್ಟಿಯ ಗೊಬ್ಬರದ ಗುಂಡಿಗೆ ಇಳಿಸಿ, ಬಟ್ಟಲು ಕಿವಿಗಿಟ್ಟುಕೊಂಡು ಕೂತೆ. ಧಾರವಾಡ ಇಲ್ಲ. ಕರಕರವೇ. ಎದುರಿಗೆ ಘಟ್ಟದ ಮೇಲೆ ಮೋಡ ಕಪ್ಪಗೆ ಕಟ್ಟಿತ್ತು. ಒಂದು ಮಿಂಚು ಹೊಡೆಯಿತು. ಹೊಡೆದ ಗಳಿಗೆಗೇ ಕಿವಿಯಲ್ಲಿ ಕರ್ರ್ ಅಂತ ಹರಿಯಿತು. ಗುಡುಗು ಕೇಳಿಸಲೇ ಇಲ್ಲ, ಅಷ್ಟು ದೂರ. ಇನ್ನೊಂದು ಮಿಂಚು, ಇನ್ನೊಂದು ಕರ್ರ್. ನಾನು ಕಣ್ಣು ಮುಚ್ಚಿ, ಕರ್ರ್ ಅಂದಾಗ ಬೆರಳು ಎತ್ತಿದೆ. ನನ್ನ ತಾಯಿಗೆ, "ನಾನು ಬೆರಳು ಎತ್ತುವಾಗ ಮಿಂಚು ಉಂಟಾ ನೋಡು ಅಮ್ಮ," ಅಂದೆ. ಅವಳು ಸ್ವಲ್ಪ ಹೊತ್ತು ನೋಡಿ, "ಹೌದು, ಅದು ನಿನ್ನ ಬೆರಳು ನೋಡಿ ಹೊಡೆದ ಹಾಗೆ ಉಂಟು," ಅಂದು ಹೆದರಿ ಒಳಗೆ ಹೋದಳು, ಬಸುರಿಗೆ ಏನೋ ಆಯಿತು ಅಂತ.

ನಾನು ಇವರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ಕೇಳಿದರು. ಆಮೇಲೆ ಬಟ್ಟಲು ಕೆಳಗಿಟ್ಟು, "ಮಿಂಚು ಕೇಳಿ ಏನು ಮಾಡುವುದು? ನಮಗೆ ಬೇಕಾದದ್ದು ವಾರ್ತೆ," ಅಂದರು. ಅಷ್ಟು ಸೋತಿದ್ದರು. ಎದುರಿಗೆ ಇದ್ದದ್ದು ಕಾಣಿಸಲಿಲ್ಲ. ನನಗೂ ಆಗ ಪೂರ್ತಿ ಕಾಣಲಿಲ್ಲ, ಸುಳ್ಳು ಯಾಕೆ ಹೇಳಲಿ. ಮನಸ್ಸಿನಲ್ಲಿ ಏನೋ ಒಂದು ಕೊರೆಯುತ್ತಾ ಇತ್ತು, ಅಷ್ಟೆ.

ಅದು ಪೂರ್ತಿ ಕಂಡದ್ದು ನರಿಕೊಂಬಿಗೆ ಬಂದ ಮೇಲೆ. ಸಂತೆಯ ದಿನ. ಬಿಸಿಲು ಹೇಗಿತ್ತೆಂದರೆ ಅಂಗಳದಲ್ಲಿ ಕಾಲಿಡಲು ಆಗುತ್ತಿರಲಿಲ್ಲ. ಇವರು ಆಚೆ ದಡದಲ್ಲಿ, ಸಂತೆಯಿಂದ ಬರುವ ಜನರಿಗೆ ಕಾಯುತ್ತಾ ಇದ್ದರು. ನಾನು ಊಟ ಮಾಡಿ ಪಾತ್ರೆ ತೊಳೆದು, ಸುಮ್ಮನೆ ಹಲಗೆಗೆ ತಂತಿ ಸಿಕ್ಕಿಸಿ, ಸೆಲ್ ಹಾಕಿ ಬಟ್ಟಲು ಕಿವಿಗಿಟ್ಟೆ. ಕರ್ರ್. ಸ್ವಲ್ಪ ಬಿಟ್ಟು ಕರ್ರ್. ಆಮೇಲೆ ಬಿಡುವೇ ಇಲ್ಲ, ಹರಿದ ಗೋಣಿಯನ್ನು ಎಳೆದ ಹಾಗೆ ಕರ್ರ್ ಕರ್ರ್ ಕರ್ರ್. ಹೊರಗೆ ಬಂದು ಆಕಾಶ ನೋಡಿದೆ. ತೊಳೆದಿಟ್ಟ ಹಾಗೆ ನೀಲಿ. ಭಾವ ಹೋದ ದಿನವೂ ಆಕಾಶ ಹೀಗೆಯೇ ಇತ್ತು, ಬಟ್ಟೆ ಒಣಗಿಸಿದ್ದೆ.

ಹೊಟ್ಟೆಯಲ್ಲಿ ಮಗು ಹೊರಳಿತು. ಜಗಲಿಯಲ್ಲಿದ್ದ ಅತ್ತೆಯ ಹತ್ತಿರ ಓಡಿದೆ.

"ಅತ್ತೆ, ಘಟ್ಟದಲ್ಲಿ ಸಿಡಿಲು ಹೊಡೀತಾ ಉಂಟು. ನೀರು ಬರ್ತದೆ."

ಅತ್ತೆ ಮೇಲೆ ನೋಡಿದರು, ಹೊಳೆ ನೋಡಿದರು. ತಮಾಷೆ ಮಾಡಲಿಲ್ಲ. "ಅವನು ಆಚೆ ಇದ್ದಾನೆ," ಅಂದರು.

ಇಬ್ಬರೂ ದಡಕ್ಕೆ ಓಡಿದೆವು. ಆಚೆ ದೋಣಿ ಕಾಣುತ್ತಿತ್ತು, ಜನ ಹತ್ತುತ್ತಿದ್ದರು. ತಲೆಯ ಮೇಲೆ ಬುಟ್ಟಿಗಳು, ಒಬ್ಬನ ಕೈಯಲ್ಲಿ ಹೊಸ ಕೊಡೆ. ಕೂಗಿದರೆ ಕೇಳುವ ಹೊಳೆಯಲ್ಲ ಅದು. ನಾನು ಒಣಗಿಸಿದ್ದ, ಇವರು ಉಡುವ ಬಿಳಿ ಮುಂಡು ತಂದು ಎರಡು ಕೈಯಲ್ಲಿ ಬೀಸಿದೆ, ಬರಬೇಡಿ, ಬರಬೇಡಿ ಅಂತ. ಅತ್ತೆ ತಾಮ್ರದ ಕೊಡಪಾನವನ್ನು ಕಲ್ಲಿಂದ ಬಡಿದರು. ಆಚೆ ಇವರು ಎದ್ದು ನಿಂತು ನಮ್ಮ ಕಡೆ ನೋಡಿದ್ದು ಕಂಡಿತು. ಜನರನ್ನು ದೋಣಿಯಿಂದ ಇಳಿಸಿದರು, ಬೇಗ ಬೇಗ, ಒಬ್ಬೊಬ್ಬರನ್ನೇ ಕೈ ಹಿಡಿದು. ದೇವರೇ, ಅರ್ಥವಾಯಿತು ಅಂದುಕೊಂಡೆ. ಕೊನೆಯವನು ಇಳಿದ ಕೂಡಲೇ ಇವರು ಒಬ್ಬರೇ ದೋಣಿಯನ್ನು ನೀರಿಗೆ ನೂಕಿ, ನಮ್ಮ ಕಡೆಗೆ ಹುಟ್ಟು ಹಾಕಲು ಸುರು ಮಾಡಿದರು.

ನನ್ನ ಹೊಟ್ಟೆ. ಬಸುರಿ ಹೆಂಡತಿ ಮುಂಡು ಬೀಸುತ್ತಾಳೆ, ತಾಯಿ ಕೊಡಪಾನ ಬಡಿಯುತ್ತಾಳೆ. ಅವರಿಗೆ ಬೇರೆ ಏನು ಕಾಣಬೇಕು? ಇನ್ನೂ ತಿಂಗಳು ತುಂಬಲಿಲ್ಲ, ಏನೋ ಕೆಟ್ಟದ್ದಾಗಿದೆ ಅಂತ ಜೀವ ಬಿಟ್ಟು ಬರುತ್ತಿದ್ದಾರೆ. ನಾನು ಮುಂಡು ಬೀಸಿದಷ್ಟೂ ಅವರು ಜೋರು ಹುಟ್ಟು ಹಾಕಿದರು. ಮುಂಡು ಬಿಸಾಡಿ, ಕೈ ಅಲ್ಲಾಡಿಸಿ, ಹಿಂದೆ ಹೋಗಿ ಅಂತ ತಳ್ಳುವ ಹಾಗೆ ತೋರಿಸಿದೆ. ಇನ್ನೂ ಜೋರು. ಅತ್ತೆ ನನ್ನನ್ನು ಹಿಡಿದು ನೆಲಕ್ಕೆ ಕೂರಿಸಿದರು. "ಕೂತುಕೋ. ಅಲ್ಲಾಡಬೇಡ. ಮಣ್ಣಿನ ಹಾಗೆ ಕೂತುಕೋ," ಅಂದರು.

ದೋಣಿ ಹೊಳೆ ನಡುವಿಗೆ ಬಂದಾಗ ನೀರು ಬಂತು. ಮೊದಲು ಸದ್ದು, ಆಮೇಲೆ ಬಣ್ಣ. ಕೆಂಪು ನೀರು, ಅದರ ಮೇಲೆ ನೊರೆ, ಕಸ, ಬುಡ ಸಮೇತ ಒಂದು ಹೊಂಗೆ ಮರ. ದೋಣಿ ಒಮ್ಮೆ ತಿರುಗಿತು. ಇವರ ಬೆನ್ನು ಕಂಡಿತು, ಮತ್ತೆ ಮುಖ ಕಂಡಿತು, ಆಮೇಲೆ ಕೆಳಗಿನ ತಿರುವಿನಲ್ಲಿ ದೋಣಿಯೂ ಇಲ್ಲ, ಅವರೂ ಇಲ್ಲ. ಆಚೆ ದಡದ ಜನ ಒಂದೇ ಸಾಲಾಗಿ ನಿಂತು ನೋಡುತ್ತಿದ್ದರು. ಅವರೆಲ್ಲ ಒಣ ಬಟ್ಟೆಯಲ್ಲಿ, ಬುಟ್ಟಿ ಕೊಡೆ ಸಮೇತ, ಕ್ಷೇಮವಾಗಿ ನಿಂತಿದ್ದರು. ನಾನು ಅವರನ್ನು ನೋಡಲಾರದೆ ಮುಖ ಮುಚ್ಚಿಕೊಂಡೆ.

ಆಮೇಲೆ ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಗಲಿಯಲ್ಲಿ ನನ್ನ ಪಕ್ಕ ಕೂತು, ಬಚ್ಚಲ ಬದಿಯ ಆ ತಂತಿಯನ್ನೇ ನೋಡುತ್ತಿದ್ದರು. ಬಟ್ಟಲು ಇನ್ನೂ ಕರಕರ ಅನ್ನುತ್ತಾ ಇತ್ತು. ನನಗೆ ಆ ಹಲಗೆಯನ್ನು ಎತ್ತಿ ಹೊಳೆಗೆ ಎಸೆಯಬೇಕು ಅನಿಸಿತು. ಏಳಲಿಲ್ಲ. ಬಿಸಿಲು ಇಳಿಯಿತು. ನೆರೆಮನೆಯವರು ಬಂದು ಅಂಗಳದಲ್ಲಿ ನಿಂತರು. ಯಾರೋ ಒಳಗೆ ಹೋಗಿ ದೇವರ ದೀಪ ಹಚ್ಚಿದರು.

ತೋಟದ ಬದಿಯ ಅಡಿಕೆಮರದ ಸಂಕ ದಾಟಿ, ಕೆಸರು ಮೆತ್ತಿಕೊಂಡು, ಒಂದು ಕಾಲು ಎಳೆಯುತ್ತಾ ಇವರು ಬಂದರು. ಕೆಳಗಿನ ತಿರುವಿನಲ್ಲಿ ನಮ್ಮ ದಡದಿಂದ ಬಾಗಿದ ಬಿದಿರಿನ ಹಿಂಡಿಲು ದೋಣಿಯನ್ನು ಹಿಡಿದಿತ್ತಂತೆ. ಅಲ್ಲಿಂದ ಗದ್ದೆಯ ಹುಣಿ, ಬದುವಿನ ಮೇಲೆ ನಡೆದೇ ಬಂದದ್ದು. ಅಂಗಳದಲ್ಲಿ ಅಷ್ಟು ಜನರನ್ನು ನೋಡಿ ಅವರ ಮುಖ ಬೂದಿಯಾಯಿತು. ಯಾರನ್ನೂ ಮಾತಾಡಿಸದೆ ನೇರ ನನ್ನ ಎದುರು ಬಂದು ನಿಂತರು.

"ಮಗು?" ಅಂದರು.

"ಮಗುವಿಗೆ ಏನೂ ಆಗಲಿಲ್ಲ," ಅಂದೆ. "ಕರಕರ ಬಂತು. ಅದಕ್ಕೆ ಬರಬೇಡಿ ಅಂತ ಬೀಸಿದ್ದು."

ಅವರು ಹಲಗೆಯನ್ನು ನೋಡಿದರು, ಹೊಳೆ ನೋಡಿದರು. ಜಗಲಿಯ ಮೆಟ್ಟಿಲಲ್ಲಿ ಕೂತು ಬಿಟ್ಟರು. ನಗುತ್ತಿದ್ದರೋ ಅಳುತ್ತಿದ್ದರೋ, ಬೆನ್ನು ಮಾತ್ರ ಅಲುಗಾಡುತ್ತಿತ್ತು. ಅತ್ತೆ ಒಳಗಿಂದ ಬಿಸಿನೀರು ತಂದು ಅವರ ಕಾಲಿಗೆ ಹೊಯ್ದರು. "ಬರಬೇಡ ಅಂತ ಹೇಳ್ಲಿಕ್ಕೆ ಇನ್ನು ಬೇರೆ ಏನಾದರೂ ಮಾಡುವ," ಅಂದರು. "ಇವಳು ಬೀಸುವುದು ಬೇಡ."

ಹಾಗೆ ಏರಿಯಲ್ಲಿನ ಬಿದಿರೇ ನಮ್ಮ ಸೂಚನೆಯ ಕಂಬ ಆಯಿತು. ಅದಕ್ಕೊಂದು ಹಗ್ಗ ಕಟ್ಟಿದೆವು. ಕರಕರ ದಪ್ಪವಾದ ದಿನ ಬಿಳಿ ಮುಂಡು ತುದಿಗೆ ಏರುತ್ತಿತ್ತು. ಏರಿದರೆ ದೋಣಿ ಇದ್ದಲ್ಲೇ ಇರಬೇಕು. ಕೆಲವು ಸಲ ಏರಿಸಿದ ಮೇಲೆ ನೀರು ಬರಲೇ ಇಲ್ಲ, ಸಿಡಿಲು ಬೇರೆ ಎಲ್ಲೋ ಹೊಡೆದಿತ್ತು. ಜನ ಗೊಣಗಿದರು, ಸುತ್ತು ಬಳಸಿ ಸೇತುವೆಯ ದಾರಿ ಹಿಡಿದರು. "ಧಾರವಾಡದವರು ಇವತ್ತು ಬಟ್ಟೆ ಒಗೆದಿದ್ದಾರೆ," ಅಂತ ತಮಾಷೆ ಮಾಡಿದರು. ಮಾಡಲಿ. ಮಧ್ಯಾಹ್ನ ಬಟ್ಟಲು ಕಿವಿಗಿಟ್ಟು ಕೂರುವ ಕೆಲಸವನ್ನು ಅತ್ತೆ ತಾವೇ ತೆಗೆದುಕೊಂಡರು. ಕಿವಿಗೆ ಬಟ್ಟಲು, ಕೈಯಲ್ಲಿ ಬೀಡಿ. ಮತ್ತೆ ಬೀಡಿ ಕಟ್ಟಲು ಸುರು ಮಾಡಿದ್ದು ಆಗಲೇ. ಚೆನ್ನೆಮಣೆಯ ಕಾಯಿಗಳನ್ನು ಅವರೇ ತೊಳೆದು ಅಟ್ಟಕ್ಕೆ ಹಾಕಿದರು.

ಇದನ್ನೆಲ್ಲ ಹೇಳಿ ಮುಗಿಸಿದಾಗ ಮೊಮ್ಮಗಳು ನನ್ನ ಮಡಿಲಿಗೆ ಆತುಕೊಂಡು ಕೂತಿದ್ದಳು. "ಆಗ ಹೊಟ್ಟೆಯಲ್ಲಿದ್ದದ್ದು ಅಪ್ಪನಾ?" ಅಂದಳು.

"ಮತ್ತೆ ಯಾರು? ಈಗ ನಿನ್ನ ರೇಡಿಯೋ ಓಡಿಸು, ಕೇಳುವ."

ಓಡಿಸಿದಳು. ಚಂದದ ಒಂದೇ ಸ್ವರ ಬಂತು, ತೊಳೆದಿಟ್ಟ ಹಾಗೆ. "ಕರಕರ ಎಲ್ಲಿ ಉಂಟು?" ಅಂತ ಕೇಳಿದೆ.

"ಅದು ಬೇಡದ ಶಬ್ದ ಅಜ್ಜಿ, ಇದರಲ್ಲಿ ಹಾಕಲೇ ಇಲ್ಲ. ನಿಮಗೆ ಬೇಕಾ?" ಅಂದು ಏನೇನೋ ಒತ್ತಿದಳು. ಕರ್ರ್ ಅಂತ ಬಂತು. ಅದೇ. ಹಪ್ಪಳ ಕರಿದದ್ದೇ.

ನಾನು ಅವಳ ಕೈ ಹಿಡಿದು ಜಗಲಿಗೆ ಎಳೆದುಕೊಂಡು ಹೋದೆ. ಅಲ್ಲಿ ಈಸಿಚೇರಿನಲ್ಲಿ ಇವರು ಬಿಸಿಲಿಗೆ ಕಣ್ಣು ಮುಚ್ಚಿ ಕೂತಿದ್ದರು. ಈಗ ಕಿವಿ ಮಂದ, ಕಾಲಿಗೆ ಕೋಲು. ಕಡವು ನಿಂತು ಎಷ್ಟೋ ಕಾಲವಾಯಿತು, ದೋಣಿ ಗೆದ್ದಲಿಗೆ ಹೋಯಿತು. ಮೊಮ್ಮಗಳು ಅವರ ಕಿವಿಗೆ ತನ್ನ ಹೆಡ್‌ಫೋನ್ ಇಟ್ಟು ಶಬ್ದ ಜೋರು ಮಾಡಿದಳು.

ಅವರು ಕಣ್ಣು ತೆರೆದರು. ಸ್ವಲ್ಪ ಹೊತ್ತು ತಲೆ ಒಂದು ಬದಿಗೆ ವಾಲಿಸಿ ಕೇಳಿದರು. ಆಮೇಲೆ ಕೋಲು ಊರಿ ಎದ್ದು, ಅಂಗಳದ ತುದಿಯವರೆಗೆ ಹೋಗಿ ಹೊಳೆಯನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿದರು.

"ಮುಂಡು ಏರಿಸಿದ್ದಿಯಾ?" ಅಂತ ಕೇಳಿದರು.

"ಏರಿಸಿದ್ದೇನೆ," ಅಂದೆ. "ನೀವು ಕೂತುಕೊಳ್ಳಿ."